ಸೊಸೆ ಹತ್ತಿದರೆ ನಿಲ್ಲುತ್ತಿದ್ದ ಕಾರು

ಕಾರು ಚಾಲೂ ಆಗುತ್ತಿಲ್ಲ ಎಂದು ಯಾರಾದರೂ ಬಂದರೆ ನನಗೆ ಯಾವತ್ತೂ ಚಿಂತೆಯಾದದ್ದಿಲ್ಲ. ಪೂರ್ತಿ ಕೆಟ್ಟು ನಿಂತ ಕಾರು ಬಹಳ ಪ್ರಾಮಾಣಿಕ ಪ್ರಾಣಿ. ಬ್ಯಾಟರಿಯಿಂದ ಹೊರಟು, ಕರೆಂಟು ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂದು ನೋಡುತ್ತ ಹೋದರೆ ಕೆಲಸ ಮುಗಿಯಿತು. ನನ್ನ ತಲೆಗೂದಲನ್ನು ತಿಂದುಹಾಕಿದ್ದು ‘ಒಮ್ಮೊಮ್ಮೆ’ ಕಾರುಗಳು. ಒಮ್ಮೊಮ್ಮೆ ಚಾಲೂ ಆಗುತ್ತವೆ, ಒಮ್ಮೊಮ್ಮೆ ಆಗುವುದಿಲ್ಲ. ಮಾಲೀಕನ ಮನೆ ಮುಂದೆ ಹಟ ಹಿಡಿಯುತ್ತವೆ, ನನ್ನ ಅಂಗಡಿ ಮುಂದೆ ಬಂದು ನಿಂತ ಕೂಡಲೇ ಶಾಲೆಗೆ ಸಾಹೇಬರು ಬಂದಾಗಿನ ಮಕ್ಕಳ ಹಾಗೆ ಕೈಕಟ್ಟಿ ಕೂತುಬಿಡುತ್ತವೆ. ಕುಷ್ಟಗಿಯ ರಸ್ತೆ ಪಕ್ಕದ ತಗಡಿನ ಅಂಗಡಿಯಲ್ಲಿ ಜೀವಮಾನವೆಲ್ಲ ಇಂಥ ಕಾರುಗಳ ಜೊತೆ ಏಗಿ, ಈಗ ಕಣ್ಣಿಗೆ ಸಣ್ಣ ವಾಯರು ಕಾಣದಂತಾದ ಮೇಲೆ ಅಂಗಡಿ ಬಿಟ್ಟುಕೊಟ್ಟು ಮನೆಯಲ್ಲಿ ಕೂತಿದ್ದೇನೆ.

ಕೂತಿದ್ದೇನೆ ಅನ್ನುವುದೂ ಪೂರ್ತಿ ನಿಜವಲ್ಲ. ಓಣಿಯಲ್ಲಿ ಯಾರದಾದರೂ ಕಾರು ಸೆಲ್ಫ್ ಎಳೆದೂ ಎಳೆದೂ ಏಳದಿದ್ದರೆ ಊಟದ ತಾಟು ಬಿಟ್ಟು ಓಡುತ್ತೇನೆ. ಸೆಲ್ಫ್ ಅಂದರೆ ಎಂಜಿನ್ನನ್ನು ಒಂದು ಸುತ್ತು ತಿರುಗಿಸಿ ಎಬ್ಬಿಸುವ ಮೋಟರು; ನಮ್ಮ ಕಡೆ ಸಣ್ಣ ಮಕ್ಕಳಿಗೂ ಆ ಶಬ್ದ ಗೊತ್ತು. ನಾನು ಓಡುವಾಗ ಹೆಂಡತಿ ಹಿಂದಿನಿಂದ ಬೈಯುತ್ತಾಳೆ. ಕಾರಿನವರು ನಾನು ಬರುವುದರೊಳಗೆ ಚಾಲೂ ಮಾಡಿಕೊಂಡು ಹೋಗಿಬಿಟ್ಟಿದ್ದರೆ ನನಗೆ ಆಗುವ ನಿರಾಸೆ ದೇವರಿಗೇ ಪ್ರೀತಿ.

ಈಗ ಈ ಕಸುಬಿಗೆ ಇಳಿಯುತ್ತಿರುವವರು ನಮಗಿಂತ ಚುರುಕು. ಕೈಯಲ್ಲಿ ಸ್ಕ್ಯಾನರು, ಕಿಸೆಯಲ್ಲಿ ಮೊಬೈಲು, ಮೊಬೈಲಿನಲ್ಲಿ ಎಲ್ಲ ಕಾರುಗಳ ವಾಯರಿಂಗ್ ನಕ್ಷೆ. ಆದರೂ ನನಗೆ ಫೋನು ಮಾಡಿ, ಯಮನೂರಪ್ಪ ಕಾಕಾ, ಸ್ಕ್ಯಾನರು ಏನೂ ತೋರಿಸುತ್ತಿಲ್ಲ, ಕಾರು ಮಾತ್ರ ಒಮ್ಮೊಮ್ಮೆ ನಿಲ್ಲುತ್ತದೆ, ಏನು ಮಾಡಬೇಕು ಎಂದು ಕೇಳುತ್ತಾರೆ. ನಾನು ಉತ್ತರ ಕೊಡುವ ಬದಲು ಕತೆ ಶುರು ಮಾಡುತ್ತೇನೆ. ಪಾಪ, ಅವರ ಮುಂದೆ ಗಿರಾಕಿ ನಿಂತಿರುತ್ತಾನೆ. ಅದಕ್ಕೇ ಬರೆದೇ ಕೊಡುತ್ತಿದ್ದೇನೆ, ಪುರುಸೊತ್ತಿನಲ್ಲಿ ಓದಿಕೊಳ್ಳಲಿ.

ನಾನು ಕಸುಬು ಕಲಿತದ್ದು ಗಂಗಾವತಿಯಲ್ಲಿ, ಖಾದರಸಾಬ್ ಉಸ್ತಾದರ ಹತ್ತಿರ. ಅವರ ಕೈಯಲ್ಲಿದ್ದ ದೊಡ್ಡ ಯಂತ್ರವೆಂದರೆ ಒಂದು ಸಣ್ಣ ಬಲ್ಬು, ಅದಕ್ಕೆ ಕಟ್ಟಿದ ಎರಡು ವಾಯರು. ಅದನ್ನೇ ಟೆಸ್ಟ್ ಲ್ಯಾಂಪ್ ಅನ್ನುತ್ತಿದ್ದೆವು. ಬಲ್ಬು ಹೊತ್ತಿದರೆ ಕರೆಂಟು ಇದೆ, ಹೊತ್ತದಿದ್ದರೆ ಇಲ್ಲ, ಅಷ್ಟೇ ಅವರ ಶಾಸ್ತ್ರ. ಬೈಗುಳ ಮತ್ತು ಬಿರಿಯಾನಿ ಎರಡನ್ನೂ ಧಾರಾಳವಾಗಿ ಹಂಚುತ್ತಿದ್ದರು. ಬೆಳಿಗ್ಗೆ ಬೈಸಿಕೊಂಡಷ್ಟೂ ಮಧ್ಯಾಹ್ನ ತಾಟು ತುಂಬುತ್ತಿತ್ತು. ಹಾಗಾಗಿ ನಾನು ಬೇಕೆಂದೇ ಒಂದೆರಡು ತಪ್ಪು ಮಾಡುತ್ತಿದ್ದೆ ಎಂದು ಜೊತೆಗಿದ್ದವರು ಹಬ್ಬಿಸಿದ್ದರು.

ನಾನು ಬೇಕೆಂದು ಮಾಡದ ಒಂದು ತಪ್ಪು ಮಾತ್ರ ಊರೆಲ್ಲ ಹೆಸರಾಯಿತು. ಒಬ್ಬ ದೊಡ್ಡ ಸಾಹೇಬರ ಜೀಪಿಗೆ ಹೊಸ ವಾಯರಿಂಗ್ ಮಾಡಿ, ಹಾರ್ನಿನ ತಂತಿಯನ್ನು ಬ್ರೇಕ್ ಲೈಟಿನ ತಂತಿಗೆ ಜೋಡಿಸಿಬಿಟ್ಟೆ. ಡ್ರೈವರು ಬ್ರೇಕ್ ತುಳಿದಾಗಲೆಲ್ಲ ಹಾರ್ನು ಕೂಗುತ್ತಿತ್ತು. ಭತ್ತದ ಲಾರಿಗಳ ನಡುವೆ ಆ ಜೀಪು ಬಜಾರದ ತುಂಬ ಕೂಗುತ್ತ ಹೋಯಿತು, ಕೂಗುತ್ತಲೇ ವಾಪಸು ಬಂತು. ಉಸ್ತಾದರು ನನ್ನನ್ನು ಅಂಗಡಿಯ ಸುತ್ತ ಅಟ್ಟಿಸಿಕೊಂಡು ಓಡಿದರು. ಸಾಹೇಬರಿಗೆ ಮಾತ್ರ ಅದು ಹಿಡಿಸಿಬಿಟ್ಟಿತ್ತಂತೆ, ದಾರಿ ಬೇಗ ಬಿಡುತ್ತಾರೆ, ಹಾಗೇ ಇರಲಿ ಅಂದರಂತೆ. ಉಸ್ತಾದರು ಒಪ್ಪದೆ ಸರಿ ಮಾಡಿಯೇ ಕಳಿಸಿದರು.

ಅವರು ನನಗೆ ಎರಡು ಮಾತು ಕಲಿಸಿದರು, ಎರಡೂ ಬೈಗುಳದ ನಡುವೆಯೇ ಬಂದವು. ಒಂದು, “ಮೊದಲ ಮಾಲಕನ ಬಾಯಿ ಬಿಚ್ಚಸು, ಆಮ್ಯಾಲ ಬಾನೆಟ್ ಬಿಚ್ಚು.” ಗಿರಾಕಿ ತನ್ನ ಅತ್ತೆಯ ಮೊಣಕಾಲು ನೋವಿನಿಂದ ಕತೆ ಶುರು ಮಾಡಿದರೂ ತಡೆಯಬಾರದು. ಆ ಮೊಣಕಾಲಿಗಾಗಿಯೇ ಅವನು ದಿನಾ ಕಾರನ್ನು ದವಾಖಾನೆಯ ಬಾಗಿಲಿಗೆ ತಗುಲಿಸಿ, ಕೆಸರಿನಲ್ಲಿ ನಿಲ್ಲಿಸಿರುತ್ತಾನೆ. ತೊಂದರೆ ಆ ಕೆಸರಿನಿಂದಲೇ ಬಂದಿರುತ್ತದೆ. ಇನ್ನೊಂದು, ಒಂದು ಸಲಕ್ಕೆ ಒಂದೇ ಬದಲಿ ಮಾಡಬೇಕು. ಎರಡು ಸಾಮಾನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂಬುದು ಅಲ್ಲಾಹನಿಗೆ ಮಾತ್ರ ಗೊತ್ತು ಅನ್ನುತ್ತಿದ್ದರು. ನಾನು ಎರಡನ್ನೂ ತಲೆಯಾಡಿಸಿ ಕೇಳಿ, ಕುಷ್ಟಗಿಗೆ ಬಂದು ಸ್ವಂತ ಅಂಗಡಿ ಹಾಕಿದ ಕೂಡಲೇ ಮರೆತುಬಿಟ್ಟೆ.

ಮರೆತದ್ದನ್ನು ನೆನಪು ಮಾಡಿಕೊಟ್ಟವರು ಕನಕಗಿರಿಯ ಒಬ್ಬ ಜವಳಿ ವ್ಯಾಪಾರಿ. ಅವರ ಕಾರು ವಾರವೆಲ್ಲ ಸರಿಯಾಗಿರುತ್ತಿತ್ತು, ಸಂತೆಯ ದಿನ ಸಂಜೆ ಮಾತ್ರ ಸೆಲ್ಫ್ ತಿರುಗುತ್ತಿರಲಿಲ್ಲ. ಸಂತೆಯಲ್ಲಿ ಹತ್ತೂರಿನ ಕಣ್ಣು ಬೀಳುತ್ತದೆ ಎಂದು ಅವರು ಬಂಪರಿಗೆ ನಿಂಬೆಹಣ್ಣಿನ ಮಾಲೆಯನ್ನೇ ಕಟ್ಟಿದ್ದರು. ನಾನು ಸೆಲ್ಫ್ ಬದಲಿಸಿದೆ, ಬ್ಯಾಟರಿ ಬದಲಿಸಿದೆ, ನಿಂಬೆಹಣ್ಣು ಅವರೇ ಬದಲಿಸಿದರು. ಮುಂದಿನ ಸಂತೆಗೆ ಮತ್ತೆ ಅದೇ ಕತೆ. ಕೊನೆಗೆ ಸಂತೆಯ ದಿನ ಅವರ ಜೊತೆ ಕಾರಿನಲ್ಲೇ ಕೂತೆ. ಉಳ್ಳಾಗಡ್ಡಿ ಸಾಲಿನಿಂದ ಮೆಣಸಿನಕಾಯಿ ಸಾಲಿಗೆ ಕಾರು, ಅಲ್ಲಿಂದ ಬೆಲ್ಲದ ಸಾಲಿಗೆ ಕಾರು, ಅಲ್ಲಿಂದ ಬಳೆಯವರ ಮುಂದೆ ಕಾರು. ಪ್ರತಿ ಸಾಲಿಗೂ ಬಂದ್ ಮಾಡಿ ಚಾಲೂ ಮಾಡುವುದು, ನಡುವೆ ಬಾಗಿಲು ತೆಗೆದು ಹಾಡು ಹಚ್ಚುವುದು. ಪ್ರತಿ ಸಲ ಸೆಲ್ಫ್ ಹೊಡೆದಾಗ ಬ್ಯಾಟರಿ ಕುಡಿದಷ್ಟನ್ನು ಆ ನಾಲ್ಕು ಹೆಜ್ಜೆಯ ಓಡಾಟ ಹೇಗೆ ತುಂಬೀತು? ಕಾರನ್ನು ಒಂದು ಕಡೆ ನಿಲ್ಲಿಸಿ ನಡೆದು ಹೋಗಿ ಅಂದೆ. ನಡೆಯುವುದಾದರೆ ಕಾರು ಯಾಕೆ ತೆಗೆದುಕೊಳ್ಳುತ್ತಿದ್ದೆ ಎಂದು ಅವರು ನನ್ನ ಮೇಲೆಯೇ ಸಿಟ್ಟಾದರು.

ಅವತ್ತಿನಿಂದ ನನಗೆ ಒಂದು ಚಟ ಹತ್ತಿಕೊಂಡಿತು. ಕಾರಿನಲ್ಲಿ ಕೂತವರು ಯಾರೇ ಆಗಲಿ, ಸುಮ್ಮಸುಮ್ಮನೆ ಸೆಲ್ಫ್ ಹೊಡೆಯಬೇಡಿ, ಬ್ಯಾಟರಿ ಇಳಿಯುತ್ತದೆ ಎಂದು ಹೇಳಿಯೇ ಕಳಿಸುವುದು. ಅಂಗಡಿಯ ಮುಂದೆ ದೊಡ್ಡ ಅಕ್ಷರದಲ್ಲಿ ಅದೇ ಬರೆಸಿ ಬೋರ್ಡನ್ನೂ ತೂಗುಹಾಕಿದೆ. ಮದುವೆಯ ಮೆರವಣಿಗೆ ಕಾರಿನ ಮದುಮಗನಿಗೂ ಹೇಳಿದ್ದೇನೆ. ನಿದ್ದೆಯಲ್ಲೂ ಹೇಳುತ್ತೇನೆಂದು ಹೆಂಡತಿಯ ದೂರು.

ಕಾಲ ಬದಲಾಯಿತು. ಟೆಸ್ಟ್ ಲ್ಯಾಂಪ್ ಹೋಗಿ ಮೀಟರು ಬಂತು. ಕಾರಿನೊಳಗೆ ಕಂಪ್ಯೂಟರು ಬಂದು ಕೂತ ಮೇಲೆ ಹಳೆಯ ಬಲ್ಬು ಚುಚ್ಚಿದರೆ ಆ ಕಂಪ್ಯೂಟರಿನ ತಲೆಯೇ ಸುಟ್ಟುಹೋಗುವ ಭಯ. ನಾನೂ ಒಂದು ಸ್ಕ್ಯಾನರು ತಂದೆ. ಅದನ್ನು ಚುಚ್ಚಿದರೆ ರೋಗವನ್ನು ಅದೇ ಬರೆದು ತೋರಿಸುತ್ತಿತ್ತು. ಎದುರಿನ ಚಹಾದಂಗಡಿಯ ಹುಸೇನಪ್ಪ, ಇನ್ನು ನಿನಗೇನು ಕೆಲಸ, ನಮ್ಮ ಅಂಗಡಿಗೆ ಬಾ, ಕಪ್ಪು ತೊಳಿ ಎಂದು ನಗಾಡಿದ. ಹುಸೇನಪ್ಪ ನನ್ನ ಗೆಳೆಯ. ಆಳು ಬಲು ದಪ್ಪ. ಅವನ ದಪ್ಪದಿಂದ ಮುಂದೆ ನನಗೆ ಬಹಳ ಉಪಕಾರವಾಯಿತು, ಅದಕ್ಕೇ ಈಗಲೇ ಹೇಳಿಟ್ಟೆ.

ಅಂಥ ದಿನಗಳಲ್ಲೇ ತಾವರಗೇರಾದಿಂದ ಶಿವರಾಜ ಒಂದು ಪೆಟ್ರೋಲ್ ಕಾರು ತಂದ. ಹೊಸದಾಗಿ ಮದುವೆಯಾದ ಹುಡುಗ. ಅವನ ತಂದೆ ವೀರಭದ್ರಪ್ಪ ತಾವರಗೇರಾದಲ್ಲಿ ಹಿಂಡಿ, ಹೊಟ್ಟು, ದನದ ಮೇವಿನ ಅಂಗಡಿ ನಡೆಸುವವರು. ತೂಕದಲ್ಲಿ ಮೋಸ ಮಾಡದ ಮನುಷ್ಯ, ಮಾತು ಮಾತ್ರ ಒರಟು. ಕಾರು ಏನಾಗುತ್ತದೆ ಎಂದು ಕೇಳಿದೆ. ಒಮ್ಮೊಮ್ಮೆ ಬಂದ್ ಆಗುತ್ತದೆ, ಆಮೇಲೆ ಸೆಲ್ಫ್ ಹೊಡೆದರೂ ಏಳುವುದಿಲ್ಲ, ಸ್ವಲ್ಪ ಹೊತ್ತಿಗೆ ತಾನೇ ಏಳುತ್ತದೆ ಎಂದ. ಯಾವಾಗ ಹೀಗಾಗುತ್ತದೆ ಎಂದು ಕೇಳಿದೆ. ನೆಲ ನೋಡಿದ. ಚಹಾ ತರಿಸಿದೆ. ಶೇಂಗಾ ಹಿಂಡಿಯ ರೇಟು, ಮಳೆ, ಹುಳ, ಎಲ್ಲ ಹೇಳಿದ. ಕಾರು ಯಾವಾಗ ನಿಲ್ಲುತ್ತದೆ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಇನ್ನೊಂದು ಚಹಾ ತರಿಸಿದೆ. ಅದನ್ನೂ ಕುಡಿದ.

ಸ್ಕ್ಯಾನರು ಚುಚ್ಚಿದರೆ ಕಾರಿನಲ್ಲಿ ಏನೂ ದೋಷವಿಲ್ಲ ಎಂದಿತು. ದಿನವೆಲ್ಲ ಅಂಗಡಿ ಮುಂದೆ ಚಾಲೂ ಇಟ್ಟೆ, ನಿಲ್ಲಲಿಲ್ಲ. ಬ್ಯಾಟರಿಯ ನಟ್ಟು ಬಿಗಿ ಮಾಡಿ, ಕರೆಂಟು ದಾಟಿಸುವ ರಿಲೇ ಬದಲಿಸಿ ಕಳಿಸಿದೆ. ಮತ್ತೆ ಬಂದ. ಈ ಸಲ ಚಾವಿ ಹಾಕುವ ಸ್ವಿಚ್ಚು ಬದಲಿಸಿದೆ. ಮತ್ತೆ ಬಂದ, ಈ ಸಲ ಮುಖ ಇಳಿದಿತ್ತು. ನಾನೇ ಒಬ್ಬನೇ ಆ ಕಾರನ್ನು ತಾವರಗೇರಾದವರೆಗೆ ಓಡಿಸಿಕೊಂಡು ಹೋಗಿ ಬಂದೆ, ಹೋಗುವಾಗ ಬರುವಾಗ ಹಾಡು ಹೇಳಿಕೊಂಡು. ಕಾರು ಒಂದು ಕೆಮ್ಮೂ ಕೆಮ್ಮಲಿಲ್ಲ. ನಿಮ್ಮ ಕಾರು ಬಂಗಾರದಂಥದ್ದು ಎಂದು ಹೇಳಿ ಚಾವಿ ಕೊಟ್ಟಾಗ ಅವನು ಅದನ್ನು ಕೈಯಲ್ಲಿ ಹೊರಳಿಸುತ್ತ ನಿಂತ.

ಅವನು ಬಾಯಿ ಬಿಡದ ಕಾರಣ ನನಗೆ ಆಮೇಲೆ ತಿಳಿಯಿತು, ನಿಮಗೆ ಈಗಲೇ ಹೇಳಿಬಿಡುತ್ತೇನೆ. ಆ ಮನೆಯವರು ಎಲ್ಲಿಗೆ ಹೊರಟರೂ ಶಿವರಾಜ ಕಾರು ನಡೆಸುವುದು, ಪಕ್ಕದಲ್ಲಿ ವೀರಭದ್ರಪ್ಪ, ಶಿವರಾಜನ ಹಿಂದೆ ತಾಯಿ ಗಂಗಮ್ಮ. ಸೊಸೆ ಸುಮಂಗಲಾ ಮನೆಗೆ ಕೀಲಿ ಹಾಕಿ, ಬುತ್ತಿ ಮತ್ತು ನೀರಿನ ಬಾಟಲಿ ಹಿಡಿದು ಎಲ್ಲರಿಗಿಂತ ಕೊನೆಗೆ ಬಂದು ಹಿಂದಿನ ಸೀಟಿನ ಎಡಗಡೆ ಹತ್ತುವುದು. ಅಷ್ಟು ಹೊತ್ತಿಗೆ ಕಾರು ಚಾಲೂ ಆಗಿ ನಿಂತಿರುತ್ತಿತ್ತು. ಅವಳು ಕೂತು ಬಾಗಿಲು ಹಾಕಿಕೊಂಡರೆ ಸಾಕು, ಎರಡು ಸಲ ಕೆಮ್ಮಿ ಬಂದ್. ಮೊದಲ ಸಲ ನಕ್ಕರು. ಎರಡನೆಯ ಸಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಬಂಧುಗಳ ಬಾಯಿಗೆ ಬಿತ್ತು. ಕಾರು ಬಂದಾಗ ಸರಿಯಿತ್ತು, ಸೊಸೆ ಬಂದ ಮೇಲೆ ಕೆಟ್ಟಿತು, ಅವಳ ಕಾಲ್ಗುಣ ಹಾಗಿದೆ ಎಂದು.

ಸುಮಂಗಲಾಳ ತವರು ಯಲಬುರ್ಗಾ. ಅಲ್ಲಿ ಅವಳ ತಮ್ಮನ ಮದುವೆ ಗೊತ್ತಾಗಿತ್ತು. ಈ ಸಲವೂ ದಾರಿಯಲ್ಲಿ ಕಾರು ನಿಂತರೆ ಸೊಸೆಯನ್ನು ತವರಿನಲ್ಲೇ ಬಿಟ್ಟು ಬರುವುದು, ಆಮೇಲಿನದು ಆಮೇಲೆ ನೋಡುವುದು ಎಂದು ವೀರಭದ್ರಪ್ಪ ಮನೆಯಲ್ಲಿ ಹೇಳಿದ್ದರು. ಶಿವರಾಜ ತಂದೆಗೆ ಎದುರಾಡುವವನಲ್ಲ. ಕಾರು ಸರಿಯಾಗಿಬಿಟ್ಟರೆ ಎಲ್ಲ ಸರಿಯಾಗುತ್ತದೆ ಎಂದು ನನ್ನ ಹತ್ತಿರ ಓಡಿ ಬರುತ್ತಿದ್ದ. ಆ ಹುಡುಗನ ಸಂಸಾರವೇ ನನ್ನ ಅಂಗಡಿ ಮುಂದೆ ಬಂದು ನಿಂತಿತ್ತು, ನಾನು ಬ್ಯಾಟರಿಯ ನಟ್ಟು ಬಿಗಿ ಮಾಡುತ್ತ ಕೂತಿದ್ದೆ.

ಮದುವೆಗೆ ಹೊರಟ ದಿನ ಬೆಳಿಗ್ಗೆ ಅವರು ಕುಷ್ಟಗಿಯಲ್ಲಿ ಹೂವು, ಹಣ್ಣು ಕೊಳ್ಳಲು ನಿಲ್ಲಿಸಿದ್ದಾರೆ. ಸುಮಂಗಲಾ ಹೂವಿನ ಬುಟ್ಟಿ, ಹಣ್ಣಿನ ಚೀಲ ಎರಡೂ ಕೈಯಲ್ಲಿ ಹಿಡಿದು ಬಂದು ಹತ್ತಿದಳು, ಕಾರು ನಿಂತಿತು. ಎಲ್ಲರೂ ಇಳಿದರು. ಬಜಾರದ ನಾಲ್ಕು ಜನ ಕೂಡಿ ನನ್ನ ಅಂಗಡಿಗೆ ನೂಕಿಕೊಂಡು ಬಂದರು. ನಾನು ಒಳಗೆ ಕೂತು ಚಾವಿ ತಿರುಗಿಸಿದೆ. ಒಂದೇ ಏಟಿಗೆ ಎದ್ದಿತು. ನನ್ನ ಮುಖ ಕಂಡರೆ ನಿಮ್ಮ ಕಾರಿಗೆ ಇಷ್ಟು ಪ್ರೀತಿ ಎಂದು ನಗುತ್ತ ಹೊರಗೆ ಬಂದರೆ ಒಬ್ಬರೂ ನಗುತ್ತಿಲ್ಲ. ವೀರಭದ್ರಪ್ಪ ಬಿಳಿ ರುಮಾಲನ್ನು ಬಿಚ್ಚಿ ಸುತ್ತಿ ಬಿಚ್ಚಿ ಸುತ್ತಿ ಮಾಡುತ್ತಿದ್ದರು. ಗಂಗಮ್ಮ ಕಲ್ಲಿನ ಮೇಲೆ ಕೂತು ನೆಲ ಕೆರೆಯುತ್ತಿದ್ದರು. ಗಿಳಿಹಸಿರು ಇಳಕಲ್ ಸೀರೆಯ ಹುಡುಗಿಯೊಬ್ಬಳು ಹೂವಿನ ಬುಟ್ಟಿ ಹಿಡಿದು ದೂರ ನಿಂತಿದ್ದಳು.

ಎಲ್ಲರೂ ಹತ್ತಿ, ಹೊರಡಿ ಅಂದೆ. ಹತ್ತಿದರು. ಕೊನೆಗೆ ಆ ಹುಡುಗಿ ಹತ್ತಿ ಬಾಗಿಲು ಹಾಕಿಕೊಂಡಳು. ಕಾರು ಕೆಮ್ಮಿ ನಿಂತಿತು. ಸೆಲ್ಫ್ ಹೊಡೆದರೆ ಬರೀ ತಿರುಗುತ್ತದೆ, ಏಳುವುದಿಲ್ಲ. ಮತ್ತೆ ಎಲ್ಲರೂ ಇಳಿದರು, ಮತ್ತೆ ಎದ್ದಿತು. ನಾನು ಬಾನೆಟ್ ಕಡೆ ಓಡುತ್ತಿದ್ದೆ, ಅಷ್ಟರಲ್ಲಿ ಸುಮಂಗಲಾ ನನ್ನ ಮುಂದೆ ಬಂದು ನಿಂತಳು. ಕಣ್ಣಿನಲ್ಲಿ ನೀರಿರಲಿಲ್ಲ, ದನಿ ಮಾತ್ರ ಸಣ್ಣಗಿತ್ತು.

“ಅಣ್ಣಾರ, ಅಲ್ಲೇನೂ ನೋಡಬ್ಯಾಡ್ರಿ. ನಾ ಕುಂತ್ರ ಬಂದ್ ಆಗತೈತಿ, ನಾ ಇಳದ್ರ ಚಾಲೂ ಆಗತೈತಿ. ಅದಕ್ಕ ನಾ ಪೂರಾ ಭಾರ ಬಿಟ್ಟು ಕುಂದರಂಗಿಲ್ರಿ. ಮ್ಯಾಲಿನ ಹಿಡಿಕಿ ಹಿಡಕೊಂಡು ಸೀಟಿನ ತುದಿಗಿ ಕುಂತು ಬರತೀನಿ. ಇವತ್ತ ಕೈಯಾಗ ಬುಟ್ಟಿ ಇತ್ತು, ಹಿಡಿಕಿ ಹಿಡಿಯಾಕ ಆಗಲಿಲ್ಲ. ಇವರೆಲ್ಲಾ ಕಾರಿನ್ಯಾಗ ಹೋಗ್ಲಿ, ನಾ ಬಸ್ಸಿಗೆ ಹೋಗತೀನಿ.”

ತಾವರಗೇರಾದಿಂದ ಕುಷ್ಟಗಿಯವರೆಗೆ ಕೈಸೋಲುವಂತೆ ಹಿಡಿಕೆಗೆ ಜೋತುಬಿದ್ದು ಬಂದ ಹುಡುಗಿ ಇದು. ಅವಳ ಮಾತಿಗೆ ನನ್ನ ಕಣ್ಣಲ್ಲಿ ನೀರು ಬರಬೇಕಿತ್ತು. ನಿಜ ಹೇಳುತ್ತೇನೆ, ನನಗೆ ಕುಣಿಯುವಷ್ಟು ಸಂತೋಷವಾಯಿತು. ‘ಒಮ್ಮೊಮ್ಮೆ’ ಹೋಗಿ ‘ಯಾವಾಗಲೂ’ ಬಂದಿತ್ತು. ಯಾವಾಗ ಬೇಕೋ ಆಗ ಕೆಡುವ ಕಾರಿನಂಥ ಸುಖ ನಮ್ಮ ಕಸುಬಿನಲ್ಲಿ ಬೇರೊಂದಿಲ್ಲ. ಭಾಳ ಛಲೋ ಆತವ್ವಾ ಎಂದು ಜೋರಾಗಿ ಕೂಗಿಯೇಬಿಟ್ಟೆ. ಇಡೀ ಬಜಾರು ತಿರುಗಿ ನೋಡಿತು. ವೀರಭದ್ರಪ್ಪ ನನ್ನನ್ನು ಹೊಡೆಯಲಿಕ್ಕೇ ಬಂದರೇನೋ ಅನ್ನಿಸಿತು.

ಒಂದು ಸಲಕ್ಕೆ ಒಂದೇ ಬದಲಿ. ಉಸ್ತಾದರು ಬೈಗುಳದ ಸಮೇತ ನೆನಪಾದರು. ಜಾಗ ಅದೇ ಇರಲಿ, ಮನುಷ್ಯ ಬದಲಾಗಲಿ. ಶಿವರಾಜನನ್ನು ಸ್ಟೇರಿಂಗ್ ಹಿಂದೆ ಕೂರಿಸಿ, ಕಾರು ಚಾಲೂ ಮಾಡಿಸಿ, ಎದುರಿನಿಂದ ಹುಸೇನಪ್ಪನನ್ನು ಕರೆದೆ. ಅವನು ಚಹಾ ಸೋಸುವ ಬಟ್ಟೆ ಕೈಯಲ್ಲೇ ಹಿಡಿದು ಬಂದು ಹಿಂದಿನ ಸೀಟಿನ ಎಡಗಡೆ ಕೂತ. ಕಾರು ಒಂದು ಸಲವೂ ಕೆಮ್ಮಲಿಲ್ಲ, ನೇರ ಸತ್ತೇಹೋಯಿತು. ನೆರೆದಿದ್ದ ಜನ ಹೋ ಎಂದು ನಕ್ಕರು. ಹುಸೇನಪ್ಪ ಇಳಿದ, ಕಾರು ಎದ್ದಿತು. ನನ್ನ ಕಾಲ್ಗುಣಕ್ಕೆ ಏನಾಗಿದೆ, ಇಷ್ಟು ವರ್ಷ ಚಹಾ ಕುಡಿಸಿದ್ದೇನಲ್ಲ ಎಂದು ಅವನು ವಾದಕ್ಕೆ ನಿಂತ.

ಆಮೇಲೆ ತಡೆಯುವವರೇ ಇಲ್ಲ. ಹಣ್ಣಿನ ಗಾಡಿಯವನು ಬಂದು ಕೂತ, ಕಾರು ನಿಂತಿತು. ಪಂಚರು ಹಾಕುವವನು ಕೂತ, ನಿಂತಿತು. ಹೂವು ಮಾರುವ ಮುದುಕಿ ಸೊಂಟ ಹಿಡಿದುಕೊಂಡು ಹತ್ತಿ ಕೂತಳು. ಅವಳು ಬಹಳ ಹಗುರ, ಕಾರು ಸುಮ್ಮನಿತ್ತು. ಒಂದು ಸಲ ಕುಪ್ಪಳಿಸಿ ಕೂರು ಅಂದರು, ಕುಪ್ಪಳಿಸಿದಳು, ನಿಂತಿತು. ಮುದುಕಿ ಗೆದ್ದವಳಂತೆ ಇಳಿದಳು. ನನಗೊಂದು ಸಲ, ನನಗೊಂದು ಸಲ ಎಂದು ಸಾಲು ನಿಂತುಬಿಟ್ಟರು. ಬಸ್ಸಿಗೆ ಕಾಯುತ್ತಿದ್ದ ಗಿಣಿಗೇರಾದ ಇಬ್ಬರು ಫ್ಯಾಕ್ಟರಿ ಕೆಲಸಗಾರರು ಬಸ್ಸು ಬಿಟ್ಟು ಸಾಲಿಗೆ ಸೇರಿದರು. ಸ್ವತಃ ಗಂಗಮ್ಮ ಎದ್ದು ಬಂದು, ಯಾರನ್ನೂ ಕೇಳದೆ ಹತ್ತಿ ಕೂತರು. ಕಾರು ನಿಂತಿತು. ಅವರು ಇಳಿಯಲಿಲ್ಲ, ಅಲ್ಲಿಂದಲೇ ಗಂಡನ ಕಡೆ ನೋಡಿದರು.

“ಏನ್ರಿ, ನೀವೂ ಬಂದು ಕುಂದರ್ರಿ. ನಿಮ್ಮ ಕಾಲ್ಗುಣಾನೂ ನೋಡಿಬಿಡೂಣು.”

ವೀರಭದ್ರಪ್ಪ ಬೇಡ ಅಂದರು, ಹೊತ್ತಾಯಿತು ಅಂದರು, ಮುಹೂರ್ತ ಅಂದರು. ಗಂಗಮ್ಮ ಇಳಿದು ಬಾಗಿಲು ಹಿಡಿದು ನಿಂತರು. ಸೊಸೆ ಬಂದಾಗಿನಿಂದ ಆ ತಾಯಿ ಒಂದು ಮಾತೂ ಆಡದೆ ಎಲ್ಲ ನೋಡಿದ್ದರಂತೆ. ಕೊನೆಗೆ ವೀರಭದ್ರಪ್ಪ ರುಮಾಲು ಸರಿಮಾಡಿಕೊಂಡು, ಎಮ್ಮೆ ಕೊಳ್ಳಲು ಬಂದವರ ಹಾಗೆ ಗಾಂಭೀರ್ಯದಿಂದ ಹತ್ತಿ, ಮೆಲ್ಲಗೆ ಕೂತರು. ಕಾರು ಒಂದು ಕ್ಷಣ ಓಡಿತು. ಅವರ ಮುಖದಲ್ಲಿ ಗೆಲುವು ಕಾಣಿಸಿತು. ಬೆನ್ನು ಹಚ್ಚಿ ಆರಾಮಾಗಿ ಕೂತರು. ಕಾರು ಎರಡು ಸಲ ಕೆಮ್ಮಿ ನಿಂತಿತು.

ಆ ನಗು ಯಲಬುರ್ಗಾದವರೆಗೆ ಕೇಳಿಸಿರಬೇಕು. ಹುಸೇನಪ್ಪ ರಸ್ತೆಯಲ್ಲೇ ಕೂತುಬಿಟ್ಟ. ನಾನು ಸುಮಂಗಲಾಳ ಕಡೆ ನೋಡಿದೆ. ಬುಟ್ಟಿ ಕೆಳಗಿಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು, ಈಗ ಮಾತ್ರ ಅವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು.

ಅವರನ್ನು ಇಳಿಸಿ ಹಿಂದಿನ ಸೀಟು ಎತ್ತಿದೆ. ಆ ಕಾರಿನಲ್ಲಿ ಪೆಟ್ರೋಲ್ ಪಂಪು ಇರುವುದು ಸೀಟಿನ ಕೆಳಗೆ, ಟ್ಯಾಂಕಿನೊಳಗೆ. ಅದಕ್ಕೆ ಕರೆಂಟು ಕೊಡುವ ವಾಯರು ಒಂದು ಪ್ಲಾಸ್ಟಿಕ್ ಕಪ್ಲರಿನಲ್ಲಿ ಬಂದು ಕೂಡುತ್ತದೆ. ಆ ಕಪ್ಲರಿನ ಮೇಲೆ, ಯಾವ ಕಂಪನಿಯೂ ಕೊಡದ ಒಂದು ಸಾಮಾನು ಇತ್ತು. ಕರಿ ಬಟ್ಟೆಯ ಗಂಟು. ಮೇಲೆ ಭಾರ ಬಿದ್ದಾಗ ಗಂಟು ಕಪ್ಲರನ್ನು ಒತ್ತಿ ಓರೆ ಮಾಡುತ್ತಿತ್ತು, ಪಂಪಿಗೆ ಕರೆಂಟು ತಪ್ಪುತ್ತಿತ್ತು. ಭಾರ ಎದ್ದರೆ ಕಪ್ಲರು ತನ್ನ ಜಾಗಕ್ಕೆ ಬರುತ್ತಿತ್ತು. ಗಂಟು ಬಿಚ್ಚಿದೆ. ಒಳಗೆ ಇದ್ದಿಲು, ದೃಷ್ಟಿ ತೆಗೆಯುವ ಪಟಿಕದ ಹರಳು, ನಡುವೆ ಒಂದು ಭಾರವಾದ ಕುದುರೆ ಲಾಳ. ಲಾಳವನ್ನು ಮೇಲೆತ್ತಿ ಹಿಡಿದು, ಇದು ಯಾರದು ಎಂದು ಕೇಳಿದೆ. ಜನರ ನಗು ನಿಂತಿತು.

ವೀರಭದ್ರಪ್ಪ ಜನರ ನಡುವಿನಿಂದ ಮುಂದೆ ಬಂದರು.

“ನಂದ ಐತಿ. ಗಾಡಿ ಪೂಜಿ ಮಾಡಿದ ದಿನ ನಾನ ಇಟ್ಟೀನಿ. ಮನಿಯವರ ಕಣ್ಣಿಗೂ ಬೀಳಬಾರದಂತ, ಬಿದ್ರ ಅದರ ಗುಣ ಹೋಗತೈತಂತ. ಮನಿಗೆ ಯಾರ ಕೆಟ್ಟ ದೃಷ್ಟಿನೂ ಬ್ಯಾಡ ಅಂತ ಇಟ್ಟಿದ್ದೆ.”

ಗಂಗಾವತಿಯ ಹಳೆಯ ಟಾಂಗಾದವನೊಬ್ಬನನ್ನು ಹುಡುಕಿ ಹೋಗಿ ಆ ಲಾಳ ತಂದಿದ್ದರಂತೆ. ಮಗನ ಮದುವೆಗೆ ಮುಂಚೆ ಆ ಮನೆಯಲ್ಲಿ ಇದ್ದವರು ಮೂವರೇ, ಎಡಗಡೆ ಆ ಜಾಗದಲ್ಲಿ ಕೂರುವವರೇ ಇರಲಿಲ್ಲ. ಅಲ್ಲಿ ಮೊದಲು ಕೂತವಳು ಸುಮಂಗಲಾ. ಮನೆಯನ್ನು ಕಾಯಲು ಇಟ್ಟ ಗಂಟು ಮನೆಗೆ ಬಂದ ಸೊಸೆಯನ್ನೇ ಕೆಟ್ಟವಳನ್ನಾಗಿ ಮಾಡಿತ್ತು. ಇದನ್ನು ನಾನು ಹೇಳಬೇಕಾಗಲಿಲ್ಲ. ವೀರಭದ್ರಪ್ಪನವರ ಮುಖ ನೋಡಿದರೆ ಅವರಿಗೇ ಗೊತ್ತಾಗಿತ್ತು, ನನಗೆ ಅವರ ಮೇಲೆ ಮರುಕವೇ ಬಂತು.

ಹೊಸ ಕಪ್ಲರು ಹಾಕಿ, ವಾಯರಿಗೆ ಪಟ್ಟಿ ಸುತ್ತಿ, ಸೀಟು ಕೂರಿಸಿದೆ. ಹುಸೇನಪ್ಪನನ್ನೇ ಕೂರಿಸಿ ನೋಡಿದೆ, ಕುಪ್ಪಳಿಸಿಯೂ ನೋಡಿದ, ಕಾರು ಓಡುತ್ತಲೇ ಇತ್ತು. ಲಾಳವನ್ನು ವೀರಭದ್ರಪ್ಪ ವಾಪಸು ಮುಟ್ಟಲಿಲ್ಲ. ಮುಂದಿನ ಬಾಗಿಲು ತೆಗೆದು ನಿಂತು, ನೀ ಮುಂದೆ ಕೂರು ತಾಯಿ, ನಾ ಹಿಂದೆ ಕೂರುತ್ತೇನೆ ಎಂದು ಸೊಸೆಯನ್ನು ಕರೆದರು. ಆ ಮನೆಯಲ್ಲಿ ಅದು ಸಣ್ಣ ಮಾತಲ್ಲ. ಸುಮಂಗಲಾ ತಲೆ ಅಲ್ಲಾಡಿಸಿದಳು.

“ಬ್ಯಾಡ್ರಿ ಮಾವಾರ. ನಂದು ಅದ ಜಾಗಾ. ಅಲ್ಲೇ ಕುಂತು ನಮ್ಮೂರಾಗ ಇಳೀಬೇಕು ನಾನು.”

ಅವಳು ಹಿಂದಿನ ಸೀಟಿನ ಎಡಗಡೆ ಹತ್ತಿದಳು. ಹಿಡಿಕೆಯ ಕಡೆ ಕೈ ತಾನಾಗಿಯೇ ಹೋಯಿತು, ಅರ್ಧಕ್ಕೆ ನಿಂತಿತು. ಕೈ ಕೆಳಗಿಳಿಸಿ, ಬೆನ್ನು ಪೂರ್ತಿ ಹಚ್ಚಿ, ಇಡೀ ಭಾರ ಬಿಟ್ಟು ಕೂತಳು. ಬಾಗಿಲು ಹಾಕಿಕೊಂಡಳು. ಬಜಾರೆಲ್ಲ ಕಿವಿಗೊಟ್ಟು ನಿಂತಿತ್ತು. ಕಾರು ಓಡುತ್ತಿತ್ತು. ಅವಳು ಮುಂದೆ ಬಾಗಿ ಗಂಡನಿಗೆ, ಒಂದು ಸಲ ಬಂದ್ ಮಾಡಿ ಮತ್ತೆ ಚಾಲೂ ಮಾಡಿ ಅಂದಳು. ಶಿವರಾಜ ಮಾಡಿದ. ಎದ್ದಿತು. ಇನ್ನೊಮ್ಮೆ ಅಂದಳು. ಮಾಡಿದ, ಎದ್ದಿತು. ಇನ್ನೊಮ್ಮೆ. ಅವಳು ನಗುತ್ತಿದ್ದಳು, ಗಂಗಮ್ಮ ನಗುತ್ತಿದ್ದರು, ಶಿವರಾಜನಿಗೂ ನಗು ತಡೆಯಲಾಗುತ್ತಿರಲಿಲ್ಲ. ಮತ್ತೊಮ್ಮೆ ಅಂದಾಗ ಅವನು ಅನುಮಾನಿಸುತ್ತ ಪಕ್ಕದಲ್ಲಿ ಕೂತ ತಂದೆಯ ಮುಖ ನೋಡಿದ.

“ಮಾಡೋ ಮಾರಾಯಾ,” ಎಂದರು ವೀರಭದ್ರಪ್ಪ, “ಅಕಿ ಸಾಕು ಅನ್ನೂಮಟಾ ಮಾಡು.”

ನನ್ನ ತಲೆಯ ಮೇಲೆ, ಸುಮ್ಮಸುಮ್ಮನೆ ಸೆಲ್ಫ್ ಹೊಡೆಯಬೇಡಿ ಎಂಬ ಬೋರ್ಡು ಗಾಳಿಗೆ ತೂಗಾಡುತ್ತಿತ್ತು. ಬ್ಯಾಟರಿ ಇಳಿಯುತ್ತದೆ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಅವಳು ಸಾಕು ಅನ್ನುವವರೆಗೆ ಅಲ್ಲೇ ನಿಂತು, ಆ ಕಾರು ಏಳುವುದನ್ನು ಪ್ರತಿ ಸಲವೂ ಕೇಳಿದೆ.